ಸಿನಿಮಾದಲ್ಲಿ ಗುಡುಗೋ ಗಿಟಾರ್ ನಮ್ಮೂರ ಸ್ಟೇಜಿನಲ್ಲಿ ಜೀರುಂಡೆ ಯಾಕಾಯ್ತು?

ಗಣೇಶನ ಹಬ್ಬದ ರಾತ್ರಿ. ಕೆ.ಆರ್. ನಗರದ ಪಕ್ಕದ ಒಂದು ಹಳ್ಳಿ. ಶಾಮಿಯಾನ, ಸೀರಿಯಲ್ ಸೆಟ್ಟು, ಕಡ್ಲೆಪುರಿ ಅಂಗಡಿ, ಸ್ಟೇಜಿನ ಮುಂದೆ ಕಿಕ್ಕಿರಿದ ಜನ. ರಸಮಂಜರಿ! ಗುರುಕಿರಣ್ ಸಂಗೀತದ 'ಉಪೇಂದ್ರ' (1999) ಚಿತ್ರದ ಹಾಡು ಅಂತ ಅನೌನ್ಸ್ ಆಯ್ತು. ಶಿಳ್ಳೆಯೋ ಶಿಳ್ಳೆ. ಲೀಡ್ ಗಿಟಾರ್ ಹುಡುಗ ಗತ್ತಿನಿಂದ ಕಾಲ ಬುಡದ ಪೆಡಲ್ ಒತ್ತಿದ...

"ಜೀಂಯ್ಯ್ಯ್...!"

ತಗಡಿನ ಡಬ್ಬದೊಳಗೆ ಜೀರುಂಡೆ ಸಿಕ್ಕಿಕೊಂಡ ಹಾಗೆ. ಮುಂದಿನ ಸಾಲಿನ ಅಜ್ಜಿ ಕಿವಿ ಮುಚ್ಚಿಕೊಂಡರು. ಹಿಂದಿನಿಂದ ಯಾರೋ, "ಅದನ್ನ ನಿಲ್ಸಲಾ, ಹಾಡು ಕೇಳ್ಬೇಕು!" ಅಂತ ಕೂಗಿದರು.

ಆ ಗತ್ತಿನ ಹುಡುಗ ಯಾರು ಅಂತೀರಾ? ಓದುಗ ಮಿತ್ರರೇ, ಈ ಲೇಖನ ಬರೆಯುತ್ತಿರುವ ನಾನೇ!

ಆಗ ನನಗೆ ಹತ್ತೊಂಬತ್ತು. ಪಿಯುಸಿ ಬಿಟ್ಟು ಆರ್ಕೆಸ್ಟ್ರಾ ಸೇರಿದ್ದೆ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿ ಹರಾಜಿನಲ್ಲಿ ಹೊಗೆಸೊಪ್ಪು ಮಾರಿದ ದುಡ್ಡಲ್ಲಿ ಅಪ್ಪ ಗಿಟಾರ್ ಕೊಡಿಸಿದ್ದರು. ಒಂದು ವರ್ಷ ಬ್ಯಾರನ್ ಮುಂದೆ ನಿದ್ದೆಗೆಟ್ಟ ದುಡ್ಡು ಅದು. ಅವತ್ತು ರಾತ್ರಿ ಮನೆಗೆ ಬಂದವನೇ, "ಅಪ್ಪ, ಈ ಗಿಟಾರ್ ಸರಿಯಿಲ್ಲ, ಇನ್ನೂ ಒಳ್ಳೇದು ಬೇಕು" ಅಂದೆ. ಅಪ್ಪ ಮಾತಾಡಲಿಲ್ಲ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಆಚೆ ಹೋದರು.

ನನ್ನ ಮಂಕು ಬಿಡಿಸಿದ್ದು ಮೈಕ್‌ಸೆಟ್ ಅಣ್ಣ. "ಗಿಟಾರಿಗೆ ಏನೂ ಆಗಿಲ್ಲ ಕಣಪ್ಪ. ನೀನು ಅದಕ್ಕೆ ಹೊಟ್ಟೆನೇ ಕೊಟ್ಟಿಲ್ಲ!" ಅಂದರು.

ಈ ಮಾತಿನ ಅರ್ಥ ತಿಳಿಯೋಕೆ ನನಗೆ ಎರಡು ವರ್ಷ ಹಿಡೀತು. ನಿಮಗೆ ಎರಡು ಪುಟದಲ್ಲಿ ಹೇಳಿಬಿಡ್ತೀನಿ.

ಹೊಟ್ಟೆ ಇಲ್ಲದ ವಾದ್ಯ

ಮಾಮೂಲಿ ಮರದ ಗಿಟಾರಿಗೆ ಟೊಳ್ಳು ಹೊಟ್ಟೆ ಇದೆ. ತಂತಿ ಮೀಟಿದರೆ ಆ ಹೊಟ್ಟೆಯೇ ನಾದ ಕೊಡುತ್ತೆ. ಎಲೆಕ್ಟ್ರಿಕ್ ಗಿಟಾರ್ ಸಾಮಾನ್ಯವಾಗಿ ಗಟ್ಟಿ ಮರದ ಹಲಗೆ. ತಂತಿಯ ಕೆಳಗೆ ಪಿಕಪ್ ಇರುತ್ತೆ: ಅಯಸ್ಕಾಂತ, ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸಾವಿರಾರು ಸುತ್ತು. ಉಕ್ಕಿನ ತಂತಿ ಅದರ ಮೇಲೆ ಅದುರಿದರೆ ಇಷ್ಟೇ ಇಷ್ಟು ಕರೆಂಟ್ ಹುಟ್ಟುತ್ತೆ. ಸ್ಪೀಕರ್ ಅಲ್ಲಾಡಿಸೋಕೂ ಅದು ಸಾಲದು.

ಅದನ್ನು ಬೆಳೆಸೋದು ಆಂಪ್ಲಿಫೈಯರ್. ಹಾಗಾದರೆ ಬರೀ ಜೋರು ಮಾಡೋ ಡಬ್ಬಿಯಾ? ಅಲ್ಲ! ಇಲ್ಲೇ ಇರೋದು ಗುಟ್ಟು. ಮೈಕ್‌ಸೆಟ್ ಆಂಪ್ಲಿಫೈಯರಿನ ಧರ್ಮ, ಬಂದದ್ದನ್ನು ಬಂದ ಹಾಗೇ ಜೋರು ಮಾಡೋದು. ಗಿಟಾರ್ ಆಂಪ್ಲಿಫೈಯರಿನ ಧರ್ಮ, ಬಂದದ್ದಕ್ಕೆ ತನ್ನ ಬಣ್ಣ ಬಳಿಯೋದು. ಅದೇ ಗಿಟಾರಿನ ಹೊಟ್ಟೆ.

ಅದರ ಮೇಲೆ 'ಗೇನ್', 'ವಾಲ್ಯೂಮ್' ಅಂತ ಎರಡು ತಿರುಪು ಇರುತ್ತವೆ. ಎರಡೂ ಒಂದೇ ಅಂತ ನಾನು ತಿಳಿದಿದ್ದೆ. ಕೆ.ಆರ್. ನಗರದ ಗದ್ದೆ ಬಯಲಿನ ನಾಲೆ ನೆನಪಿಸಿಕೊಳ್ಳಿ. ಗೇನ್ ಅಂದರೆ ಮೇಲಿನ ತೂಬು, ಒಳಗೆ ಎಷ್ಟು ನೀರು ಬಿಡಬೇಕು ಅನ್ನೋದು. ವಾಲ್ಯೂಮ್ ಅಂದರೆ ಕೆಳಗಿನ ತೂಬು, ಗದ್ದೆಗೆ ಎಷ್ಟು ಬಿಡಬೇಕು ಅನ್ನೋದು. ಮೇಲಿನ ತೂಬು ಪೂರ್ತಿ ತೆರೆದರೆ ನೀರು ಏರಿಯ ಮಟ್ಟ ಮುಟ್ಟುತ್ತೆ, ಅದಕ್ಕಿಂತ ಮೇಲೆ ಏರಲಾರದು. ನಾದದ ಅಲೆಯೂ ಹಾಗೇ. ಏರಲು ಜಾಗವಿಲ್ಲದೆ ಅದರ ತಲೆ ಸಪಾಟಾಗುತ್ತೆ. ಹಾಗೆ ತಲೆ ಸಪಾಟಾದಾಗ ಮೂಲ ಸ್ವರದ ಜೊತೆ ಹೊಸ ಹೊಸ ಮೇಲಿನ ಸ್ವರಗಳು ಹುಟ್ಟುತ್ತವೆ. ಅದೇ ಆ ಗುಡುಗು, ಆ ಗೊಗ್ಗರು ದನಿ. ಅದರ ಹೆಸರೇ ಡಿಸ್ಟಾರ್ಷನ್!

ಕೆಟ್ಟು ಹೋದದ್ದೇ ಹಿಟ್ ಆಯ್ತು

ಈ ದನಿ ಹುಟ್ಟಿದ ಕಥೆ ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ. ಅಮೆರಿಕಾದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ರೆಕಾರ್ಡಿಂಗ್. ಸ್ಟುಡಿಯೋದ ಯಂತ್ರದ ಒಂದು ಭಾಗ ಕೈಕೊಟ್ಟು ಗ್ರೇಡಿ ಮಾರ್ಟಿನ್ ನುಡಿಸಿದ ಗಿಟಾರ್ ಗೊರಗೊರ ಅಂತು. ಅದನ್ನು ಅಳಿಸದೆ ಹಾಗೇ ಬಿಟ್ಟರು. 1961ರಲ್ಲಿ ಹಾಡು ಹಿಟ್! 1962ರಲ್ಲಿ ಆ ಗೊರಗೊರವನ್ನೇ ಪುಟ್ಟ ಡಬ್ಬಿಗೆ ತುಂಬಿ ಗಿಬ್ಸನ್ ಕಂಪನಿ 'ಫಜ್-ಟೋನ್' ಅಂತ ಮಾರುಕಟ್ಟೆಗೆ ಬಿಟ್ಟಿತು. 1964ರಲ್ಲಿ ಲಂಡನ್ನಿನ 'ಕಿಂಕ್ಸ್' ತಂಡದ ಡೇವ್ ಡೇವಿಸ್ ಎಂಬ ಹುಡುಗ ಸಿಟ್ಟಿಗೆ ತನ್ನ ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ. ಆ ಹರಿದ ಸ್ಪೀಕರಿನ ದನಿಯೂ ಹಿಟ್!

ನಮ್ಮ ಸಿನಿಮಾಕ್ಕೆ ಬಂದರೆ, 1980ರ ಹಿಂದಿ ಚಿತ್ರ 'ಕರ್ಜ್' ನೆನಪಿದೆಯಲ್ಲ? ಒಂದು ಗಿಟಾರ್ ಟ್ಯೂನ್ ಕೇಳಿ ನಾಯಕನಿಗೆ ಹಿಂದಿನ ಜನ್ಮ ನೆನಪಾಗೋ ಕಥೆ. ಆ ಗಿಟಾರ್ ನುಡಿಸಿದವರು ಗೋರಖ್ ಶರ್ಮಾ. ಅದೇ ಕಥೆ ಕನ್ನಡದಲ್ಲಿ 1989ರಲ್ಲಿ ರವಿಚಂದ್ರನ್ ಅವರ 'ಯುಗಪುರುಷ' ಆಯಿತು. ಇನ್ನು ನಮ್ಮ ಮೈಸೂರಿನವರೇ ಆದ ರಾಜನ್-ನಾಗೇಂದ್ರ ಜೋಡಿಯ ಎಪ್ಪತ್ತರ ದಶಕದ ಹಾಡುಗಳನ್ನು ಕೇಳಿ. ಅಲ್ಲಿ ಗಿಟಾರ್ ಗುಡುಗೋದಿಲ್ಲ, ತಿಳಿನೀರಿನ ಹಾಗೆ ಹರಿಯುತ್ತೆ. ಎಲ್ಲ ಹಾಡಿಗೂ ಗುಡುಗು ಬೇಕಿಲ್ಲ ಅನ್ನೋದನ್ನ ಅವರಿಂದ ಕಲೀಬೇಕು.

ಕಾಲ ಬುಡದ ಡಬ್ಬಿಗಳು

ಸ್ಟೇಜಿನಲ್ಲಿ ಗಿಟಾರ್ ಹುಡುಗ ಕಾಲಿನಿಂದ ಏನೋ ಒತ್ತುತ್ತಿರುತ್ತಾನಲ್ಲ, ಅವೇ ಪೆಡಲ್‌ಗಳು. ಜಪಾನಿನ ಬಾಸ್ ಕಂಪನಿ 1977ರಲ್ಲಿ ಅಂಗೈಯಗಲದ ಗಟ್ಟಿ ಪೆಡಲ್ ತಂದಿತು. 1978ರಲ್ಲಿ ಬಂದ ಅದರ ಕಿತ್ತಳೆ ಬಣ್ಣದ ಡಿಸ್ಟಾರ್ಷನ್ ಪೆಡಲ್ ಇವತ್ತಿಗೂ ಮಾರಾಟವಾಗುತ್ತಿದೆ. ಬಹುತೇಕ ಪೆಡಲ್‌ಗಳು ನಡೆಯೋದು ಬರೀ 9 ವೋಲ್ಟ್‌ನಲ್ಲಿ.

ಡಿಸ್ಟಾರ್ಷನ್ ಆಗಲೇ ಹೇಳಿದೆ. 'ವಾ-ವಾ' ಪೆಡಲ್ ಮೇಲೆ ಕಾಲಿಟ್ಟು ತೂಗಿದರೆ ಗಿಟಾರ್ ಬಾಯಿ ತೆರೆದು ಮುಚ್ಚಿದ ಹಾಗೆ 'ವಾ... ವಾ...' ಅನ್ನುತ್ತೆ. 'ಕೋರಸ್' ಒಂದೇ ಗಿಟಾರಿಗೆ ಚೂರು ಹಿಂದೆ ಮುಂದೆ ನುಡಿಸೋ ಜೊತೆಗಾರನನ್ನು ಕೊಡುತ್ತೆ. 'ಡಿಲೇ' ಅಂದರೆ ಪ್ರತಿಧ್ವನಿ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಗೊತ್ತಲ್ಲ, ಸಿಡಿಲು ಮಲ್ಲಿಕಾರ್ಜುನನ ಬೆಟ್ಟ? ಅಂಥ ಬೆಟ್ಟದ ಬಂಡೆಗೆ ಸುಮಾರು 170 ಮೀಟರ್ ದೂರದಲ್ಲಿ ನಿಂತು ಕೂಗಿದರೆ ನಿಮ್ಮ ದನಿ ಹೋಗಿ ಬರೋಕೆ ಒಂದು ಸೆಕೆಂಡ್ ಬೇಕು. ಆ ಒಂದು ಸೆಕೆಂಡನ್ನು ಡಬ್ಬಿಯೊಳಗೆ ಹಿಡಿದಿಟ್ಟರೆ ಅದೇ ಡಿಲೇ!

ಜೋಡಿಸೋಕೆ ಒಂದು ಸರದಿ ಇದೆ. ಗಿಟಾರ್, ವಾ, ಡಿಸ್ಟಾರ್ಷನ್, ಕೋರಸ್, ಕೊನೆಗೆ ಡಿಲೇ. ನಾನು ಡಿಲೇ ಮೊದಲು, ಡಿಸ್ಟಾರ್ಷನ್ ಆಮೇಲೆ ಹಾಕಿದ್ದೆ. ಪ್ರತಿಧ್ವನಿಯೆಲ್ಲ ಗೊರಗೊರಕ್ಕೆ ಸಿಕ್ಕಿ ಮುದ್ದೆ! ಬೇಕಂತಲೇ ಹಾಗೆ ಮಾಡೋ ಉಸ್ತಾದರೂ ಇದ್ದಾರೆ. ಆದರೆ ಸರದಿ ಕಲಿತ ಮೇಲೆ ಮುರೀರಿ.

ಜೀರುಂಡೆ ಎಲ್ಲಿಂದ ಬಂತು?

ಈಗ ಆ ಗಣೇಶನ ರಾತ್ರಿಗೆ ಬರೋಣ. ನಾನು ಪೆಡಲ್‌ನಿಂದ ನೇರ ಮೈಕ್‌ಸೆಟ್‌ಗೆ ವೈರ್ ಹಾಕಿದ್ದೆ. ಗಿಟಾರ್ ಆಂಪ್ಲಿಫೈಯರ್ ಇರಲೇ ಇಲ್ಲ.

ಗಿಟಾರ್ ಆಂಪ್ಲಿಫೈಯರಿನ ಸ್ಪೀಕರ್ ಸಾಮಾನ್ಯವಾಗಿ 10 ಅಥವಾ 12 ಇಂಚಿನ ಕಾಗದದ ಕೋನ್. ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಅದರ ದನಿ ಇಳಿದುಬಿಡುತ್ತೆ. ಡಿಸ್ಟಾರ್ಷನ್ ಹುಟ್ಟಿಸೋ ಚುಚ್ಚು ದನಿಯೆಲ್ಲ ಇರೋದು ಅದರ ಮೇಲೇ. ಅಂದರೆ ಕಾಗದದ ಕೋನ್ ಅದನ್ನು ಜರಡಿ ಹಿಡಿದು, ಒಳ್ಳೇದನ್ನು ಮಾತ್ರ ಆಚೆ ಬಿಡುತ್ತೆ. ಮೈಕ್‌ಸೆಟ್ ಬಾಕ್ಸಿನ ಹಾರ್ನ್‌ಗೆ ಆ ಜರಡಿ ಇಲ್ಲ. ಬಂದದ್ದನ್ನೆಲ್ಲ ಅಜ್ಜಿಯ ಕಿವಿಗೆ ಸುರೀತು!

ಪರಿಹಾರ ಎರಡು. ಒಂದು, ಸಣ್ಣದಾದರೂ ಗಿಟಾರ್ ಆಂಪ್ಲಿಫೈಯರ್ ಇಟ್ಟು ಅದರ ಸ್ಪೀಕರ್ ಮುಂದೆ ಒಂದು ಮೈಕ್ ನಿಲ್ಲಿಸೋದು. ದೊಡ್ಡ ವ್ಯಾಟ್ ಬೇಕು ಅಂತ ಸಾಲ ಮಾಡಬೇಡಿ. 50 ವ್ಯಾಟ್ ಬದಲು 100 ವ್ಯಾಟ್ ತಂದರೆ ಹೆಚ್ಚೋದು ಬರೀ 3 ಡೆಸಿಬಲ್, ಕಿವಿಗೆ ಅದು ಚೂರೇ ಚೂರು. ಇನ್ನೊಂದು, ಈಗಿನ ಮಲ್ಟಿ-ಎಫೆಕ್ಟ್ ಪ್ರೊಸೆಸರ್‌ಗಳಲ್ಲಿ ಕಾಗದದ ಕೋನಿನ ಕೆಲಸವನ್ನು ಅನುಕರಿಸೋ 'ಕ್ಯಾಬಿನೆಟ್' ಅನ್ನೋ ಸೆಟ್ಟಿಂಗ್ ಇರುತ್ತೆ. ಅದನ್ನು ಆನ್ ಮಾಡಿದರೆ ನೇರ ಮೈಕ್‌ಸೆಟ್‌ಗೆ ಹಾಕಬಹುದು.

ಇನ್ನೊಂದು ಮಾತು. ಮನೆಯಲ್ಲಿ ಒಬ್ಬರೇ ನುಡಿಸುವಾಗ ಬೇಸ್ ಜಾಸ್ತಿ, ಮಿಡ್ಲ್ ಕಮ್ಮಿ ಇಟ್ಟರೆ ಮಜವಾಗಿ ಕೇಳುತ್ತೆ. ಸ್ಟೇಜಿನಲ್ಲಿ ಕೀಬೋರ್ಡು, ಪ್ಯಾಡು, ಬೇಸ್ ಗಿಟಾರ್ ಸೇರಿ ಆ ಜಾಗ ತುಂಬಿಬಿಡುತ್ತವೆ, ನೀವು ಮಾಯ! ಮಿಡ್ಲ್ ಏರಿಸಿ, ಬೇಸ್ ಇಳಿಸಿ, ಗೇನ್ ಅರ್ಧ ಮಾಡಿ. ಆಗ ಜನಕ್ಕೆ ಕೇಳಿಸ್ತೀರಿ.

ಮೂರನೇ ಪಿನ್

ಇಷ್ಟೆಲ್ಲ ಕಲಿತು, ಅಪ್ಪನಿಗೆ ಮತ್ತೆ ತೊಂದರೆ ಕೊಡದೆ, ಒಂದು ಹಳೇ ಗಿಟಾರ್ ಆಂಪ್ಲಿಫೈಯರ್ ಹೊಂದಿಸಿಕೊಂಡೆ. ಎಚ್.ಡಿ. ಕೋಟೆ ಕಡೆಯ ಒಂದು ಊರಿನಲ್ಲಿ ಪ್ರೋಗ್ರಾಂ. ಸ್ವಿಚ್ ಹಾಕಿದರೆ ಗುಂಯ್ ಅನ್ನೋ ಹಮ್ಮಿಂಗ್. ಅರ್ಥಿಂಗ್ ವೈರ್ ತೆಗೆದರೆ ಹಮ್ಮಿಂಗ್ ಹೋಗುತ್ತೆ ಅಂತ ಯಾರೋ ಹೇಳಿದ್ದರು. ಪ್ಲಗ್ಗಿನ ಮೂರನೇ ಪಿನ್ ಕಿತ್ತೆ. ಹಮ್ಮಿಂಗ್ ಹೋಯ್ತು! ನಾನೇ ಇಂಜಿನಿಯರ್ ಅಂದುಕೊಂಡೆ.

ಆ ಕಡೆ ಭೀಮನಕೊಲ್ಲಿ ಮಾದಪ್ಪನ ಒಕ್ಕಲು ಬಹಳ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ 'ಸೈಕೋ' (2008) ಚಿತ್ರಕ್ಕೆ ಮಾಡಿದ ಮಾದೇಶ್ವರನ ಹಾಡು ಬೇಕು ಅಂತ ಜನ ಹಟ ಹಿಡಿದರು. ಕೋರಸ್ ಹೇಳೋಕೆ ಅಂತ ಮೈಕ್ ಹತ್ತಿರ ಹೋದೆ. ಎಡಗೈ ಗಿಟಾರ್ ತಂತಿ ಮೇಲೆ. ತುಟಿ ಮೈಕಿಗೆ ತಾಗಿತು...

ಎಚ್ಚರವಾದಾಗ ಡ್ರಮ್‌ಸೆಟ್ ಪಕ್ಕ ಬಿದ್ದಿದ್ದೆ. ತುಟಿ ಸುಟ್ಟಿತ್ತು. ಮೈಕ್‌ಸೆಟ್ ಹುಡುಗ ಮೇನ್ ಎಳೆಯದಿದ್ದರೆ ಈ ಲೇಖನ ಇರುತ್ತಿರಲಿಲ್ಲ.

ಆದದ್ದು ಇಷ್ಟೇ. ಹಳೇ ಆಂಪ್ಲಿಫೈಯರಿನ ಒಳಗೆಲ್ಲೋ ಕರೆಂಟ್ ಅದರ ಕಬ್ಬಿಣದ ಮೈಗೆ ಸೋರುತ್ತಿತ್ತು. ಮೂರನೇ ಪಿನ್ ಇದ್ದಿದ್ದರೆ ಅದು ನೆಲಕ್ಕೆ ಹೋಗುತ್ತಿತ್ತು. ಪಿನ್ ಇಲ್ಲದ್ದಕ್ಕೆ ವೈರಿನ ಮೂಲಕ ಗಿಟಾರಿನ ತಂತಿಗೆ ಬಂತು. ಮೈಕಿನ ಮೈ ಮಾತ್ರ ಅರ್ಥ್ ಆಗಿತ್ತು. ಎರಡರ ನಡುವೆ 230 ವೋಲ್ಟಿಗೆ ದಾರಿಯಾದವನು ನಾನು! 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ 'ಸ್ಟೋನ್ ದಿ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಹೀಗೇ, ಗಿಟಾರ್ ಹಿಡಿದೇ ಮೈಕ್ ಮುಟ್ಟಿ, ಸ್ಟೇಜಿನ ಮೇಲೇ ತೀರಿಕೊಂಡರು.

ಆದ್ದರಿಂದ ಆರ್ಕೆಸ್ಟ್ರಾ ತಮ್ಮಂದಿರೇ, ಪೆಡಲ್‌ಗಿಂತ ಮೊದಲು ಮೂರು ಪಿನ್ನಿನ ಪ್ಲಗ್. 30 ಮಿಲಿ ಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸೋದರೊಳಗೆ ಕಟ್ ಮಾಡೋ ಟ್ರಿಪ್ ಸ್ವಿಚ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲೇ ಸಿಗುತ್ತೆ, ಅದನ್ನು ಸ್ಟೇಜಿನ ಲೈನಿಗೆ ಹಾಕಿಸಿ. ಮಳೆ ಬಿದ್ದ ಸ್ಟೇಜ್ ಆದರೆ ಟೆಸ್ಟರ್ ಇಟ್ಟು ನೋಡದೆ ಮೈಕ್ ಮುಟ್ಟಲೇಬೇಡಿ. ಹಮ್ಮಿಂಗ್ ಬಂದರೆ ಬರಲಿ. ಆಂಪ್ಲಿಫೈಯರ್, ಪೆಡಲ್, ಮಿಕ್ಸರ್ ಎಲ್ಲಕ್ಕೂ ಒಂದೇ ಅರ್ಥ್ ಇರೋ ಬೋರ್ಡಿನಿಂದ ಕರೆಂಟ್ ತಗೊಂಡರೆ ಅದು ಎಷ್ಟೋ ಇಳಿಯುತ್ತೆ.

ಮರುವರ್ಷ ಪಿರಿಯಾಪಟ್ಟಣದ ಹತ್ತಿರ ಒಂದು ರಾಜ್ಯೋತ್ಸವ. ಅದೇ ಹೊಗೆಸೊಪ್ಪಿನ ದುಡ್ಡಿನ ಗಿಟಾರ್. ಸಣ್ಣ ಆಂಪ್ಲಿಫೈಯರ್, ಮೂರು ಪಿನ್ನಿನ ಹೊಸ ಪ್ಲಗ್, ಸ್ಪೀಕರ್ ಮುಂದೆ ಒಂದು ಮೈಕ್, ಗೇನ್ ಅರ್ಧ. ಪೆಡಲ್ ಒತ್ತಿದೆ. ಯಾರೂ ಕಿವಿ ಮುಚ್ಚಲಿಲ್ಲ! ಕೊನೆಯ ಸಾಲಿನಲ್ಲಿ ಟವೆಲ್ ಹೊದ್ದು ನಿಂತಿದ್ದ ಅಪ್ಪ, ಬಸ್ಸಿನಲ್ಲಿ ಬರುವಾಗ, "ಗಿಟಾರ್ ಸರಿ ಮಾಡಿಸ್ದೇನ್ಲಾ?" ಅಂದರು.

"ಊ ಅಪ್ಪ" ಅಂದೆ.

ನಿಮ್ಮೂರ ಸ್ಟೇಜಿನಲ್ಲಿ ಗಿಟಾರ್ ಹುಡುಗ ಕಂಡರೆ ಮೊದಲು ಅವನ ಪ್ಲಗ್ ನೋಡಿ. ಮೂರು ಪಿನ್ ಇದ್ದರೆ ಶಿಳ್ಳೆ ಹಾಕಿ!