ಟೆಸ್ಟರಿನ ಕೀಲಿಕೈ ಕಳೆದರೆ



ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಮಳೆಗಾಲವಿಡೀ ಸುಮ್ಮನೆ ನಿಂತ ಪಂಪಿನ ಮೋಟಾರು ತೇವ ಹಿಡಿದು, ಚಾಲೂ ಮಾಡಿದೊಡನೆ ಸುಟ್ಟುಹೋಗುವುದುಂಟು. ಪೂರ್ತಿ ರಿವೈಂಡಿಂಗ್ ಆದ ಬಳಿಕ ಅದರ ಇನ್ಸುಲೇಶನ್ನನ್ನು ಹೈವೋಲ್ಟೇಜ್ ಟೆಸ್ಟರಿನಿಂದ ಪರೀಕ್ಷಿಸುತ್ತಾರೆ. 415 ವೋಲ್ಟಿನ ಮೋಟಾರಿಗೆ, ಅದರ ಇಮ್ಮಡಿಗೆ 1000 ಕೂಡಿಸಿ, 1830 ವೋಲ್ಟ್ ಕೊಡುವುದು ನಿಯಮ. ಮುಟ್ಟಿದರೆ ಪ್ರಾಣಕ್ಕೇ ಎರವು. ಆದ್ದರಿಂದಲೇ ಹಳೆಯ ಟೆಸ್ಟರುಗಳಲ್ಲಿ ಹಲವಕ್ಕೆ ಕೀಲಿಕೈಯಿಂದ ತಿರುಗುವ ಸ್ವಿಚ್ಚಿದೆ.

ಕೀಲಿಕೈ ಕಳೆಯಿತೆಂದು ಎರಡು ತಂತಿ ಹೊಸೆದು ನೇರ ಮಾಡುವುದು ಸಲ್ಲದು. ಹಾಗೆ ಮಾಡಿದರೆ ಅಂಗಡಿಗೆ ಬಂದ ಮಗುವೂ ಗುಂಡಿ ಒತ್ತಬಲ್ಲದು.

ಮೊದಲು ಬೀಗದ ಮುಖವನ್ನು ಒರೆಸಿ ನೋಡಿರಿ. ನಂಬರು ಕೊರೆದಿದ್ದರೆ ಆ ನಂಬರಿನ ಕೀಲಿಕೈ ದೊರೆಯಬಹುದು. ಒಂದೇ ಮಾದರಿಯ ಅನೇಕ ಯಂತ್ರಗಳಿಗೆ ಒಂದೇ ನಂಬರಿನ ಬೀಗ ಬರುವುದರಿಂದ, ಅಂಥ ಯಂತ್ರವಿದ್ದವರ ಕೀಲಿಕೈಯಿಂದ ನಕಲು ಮಾಡಿಸಲೂ ಬಂದೀತು. ನಂಬರಿಲ್ಲದಿದ್ದರೆ ಬೀಗವನ್ನು ಬಿಚ್ಚಿಸಿ ಕೀಲಿಕೈ ಮಾಡುವವರಲ್ಲಿಗೆ ಒಯ್ಯಿರಿ. ಅದೂ ಆಗದಿದ್ದರೆ ಸ್ವಿಚ್ಚನ್ನೇ ಬದಲಿಸಬೇಕು. ತೂತಿನ ಅಳತೆ, ತಡೆಯಬಲ್ಲ ವೋಲ್ಟ್ ಮತ್ತು ಆಂಪಿಯರ್, ತಿರುಗಿಸಿದಾಗ ಯಾವ ಟರ್ಮಿನಲ್ಲುಗಳು ಕೂಡುತ್ತವೆ ಎಂಬುದು, ಇವು ಮೂರೂ ಹಳೆಯದಕ್ಕೆ ಹೊಂದಬೇಕು. ಆಫ್ ಮಾಡಿದಾಗ ಮಾತ್ರ ಕೀಲಿಕೈ ಹೊರಬರುವಂಥದ್ದನ್ನೇ ಆರಿಸಿರಿ.

ಪ್ಲಗ್ಗು ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು. ಪೆಟ್ಟಿಗೆ ತೆರೆಯುವ ಕೆಲಸ ತಿಳಿದ ಮೆಕ್ಯಾನಿಕರಿಗೇ ಇರಲಿ.

ಹೊಸ ಕೀಲಿಕೈಯನ್ನು ಎರಡು ಮಾಡಿಸಿ, ಒಂದನ್ನು ಬೇರೆಡೆ ಇಟ್ಟು, ನಂಬರನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿರಿ. ರಿವೈಂಡಿಂಗಿಗೆ ಮೋಟಾರು ಕೊಡುವ ಸದಸ್ಯರು ಅಂಗಡಿಯ ಟೆಸ್ಟರಿಗೆ ಕೀಲಿಕೈ ಇದೆಯೇ ಎಂದು ಒಮ್ಮೆ ವಿಚಾರಿಸಬೇಕೆಂದು ನಾವು ಬಯಸುತ್ತೇವೆ.