ಕಿಡಿ ಹಾರುವ ಹೊತ್ತು: ಬೈಕ್ ಟೈಮಿಂಗ್‌ನ ಮರ್ಮ

ಕಿಕ್ ಮಾಡಿದೊಡನೆ ಪೆಡಲ್ ರಪ್ಪನೆ ಹಿಂದಿರುಗಿ ಕಾಲಿಗೆ ಬಡಿಯುವುದು ಹಳೆಯ ಬುಲೆಟ್ ಸವಾರರಿಗೆ ಚಿರಪರಿಚಿತ ಅನುಭವ. ಸಿಲಿಂಡರ್‌ನಲ್ಲಿ ಕಿಡಿ ಅವಧಿಗೆ ಮುನ್ನವೇ ಹಾರುವುದು ಇದಕ್ಕೆ ಮುಖ್ಯ ಕಾರಣ. ಕಿಡಿಯ ಈ ಸಮಯಪಾಲನೆಯನ್ನೇ ಮೆಕ್ಯಾನಿಕ್‌ಗಳು 'ಟೈಮಿಂಗ್' ಎನ್ನುತ್ತಾರೆ.

ಪಿಸ್ಟನ್ ತುದಿ ಮುಟ್ಟಿದ ಮೇಲೆ ಕಿಡಿ ಹಾರಿದರೆ ಸಾಲದೇ? ಸಾಲದು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಮ್ಮೆಲೇ ಸಿಡಿಯುವುದಿಲ್ಲ; ಪ್ಲಗ್‌ನಿಂದ ಹೊರಟ ಜ್ವಾಲೆ ಹಬ್ಬಲು ಕೆಲವು ಮಿಲಿಸೆಕೆಂಡುಗಳಾದರೂ ಬೇಕು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಕ್ರ್ಯಾಂಕ್ ಒಂದು ಮಿಲಿಸೆಕೆಂಡಿನಲ್ಲಿ 6 ಡಿಗ್ರಿ ಸರಿಯುತ್ತದೆ. 6000 ಸುತ್ತಿನಲ್ಲಿ 36 ಡಿಗ್ರಿ. ಆದ್ದರಿಂದ ವೇಗ ಹೆಚ್ಚಿದಂತೆ ಕಿಡಿಯೂ ಮುಂಚಿತವಾಗಿ ಹಾರಬೇಕು. ಇದೇ 'ಸ್ಪಾರ್ಕ್ ಅಡ್ವಾನ್ಸ್'. ಪಿಸ್ಟನ್ ತುದಿ ದಾಟಿ ತುಸು ಕೆಳಗಿಳಿದಾಗ ಒತ್ತಡ ಗರಿಷ್ಠ ಮಟ್ಟ ತಲುಪಬೇಕೆಂಬುದೇ ಇದರ ಉದ್ದೇಶ.

ಲೆಕ್ಕ ತಪ್ಪಿದರೆ ಎಂಜಿನ್ ದಂಡ ತೆರಬೇಕಾಗುತ್ತದೆ. ಕಿಡಿ ಅತಿ ಬೇಗ ಹಾರಿದರೆ ಮೇಲೇರುತ್ತಿರುವ ಪಿಸ್ಟನ್‌ಗೇ ಪೆಟ್ಟು ಬೀಳುತ್ತದೆ. ಟಣಟಣ ಸದ್ದಿನ 'ನಾಕಿಂಗ್' ಆರಂಭವಾಗುತ್ತದೆ. ಅದು ಮುಂದುವರಿದರೆ ಪಿಸ್ಟನ್ ತಲೆಯೇ ತೂತು ಬೀಳಬಹುದು. ತಡವಾದರೆ ಎಳೆತ ಕುಂದಿ, ಸೈಲೆನ್ಸರ್ ಅತಿಯಾಗಿ ಕಾದು, ಮೈಲೇಜ್ ಇಳಿಯುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ಡಿಗಳಲ್ಲಿ ಕಿಡಿಯ ಸಮಯ ನಿರ್ಧರಿಸುತ್ತಿದ್ದುದು 'ಪಾಯಿಂಟ್'. ಒಮ್ಮೆ ಕೂರಿಸಿದ ಟೈಮಿಂಗ್ ಎಲ್ಲ ವೇಗಕ್ಕೂ ಅದೇ. ಹಳೆಯ ಬುಲೆಟ್‌ನಲ್ಲಿ ವೇಗ ಹೆಚ್ಚಿದಂತೆ ಹೊರಚಾಚುವ ಪುಟ್ಟ ತೂಕಗಳು ಅಡ್ವಾನ್ಸ್ ಹೊಂದಿಸುತ್ತಿದ್ದವು.

ಬಜಾಜ್ 2003ರಲ್ಲಿ ಪಲ್ಸರ್ ಡಿಟಿಎಸ್-ಐ ಎಂಜಿನ್‌ಗೆ ಎರಡು ಪ್ಲಗ್ ಅಳವಡಿಸಿತು. ಎರಡು ಕಡೆಯಿಂದ ಜ್ವಾಲೆ ಹಬ್ಬುವುದರಿಂದ ಮಿಶ್ರಣ ಬೇಗ ಉರಿಯುತ್ತದೆ. ಹೆಚ್ಚು ಅಡ್ವಾನ್ಸ್ ಬೇಕಾಗುವುದಿಲ್ಲ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಜಾರಿಯಾದ ನಂತರ ಬಂದ ಬಹುತೇಕ ಬೈಕ್‌ಗಳಲ್ಲಿ ಎಂಜಿನ್ ವೇಗ, ಥ್ರಾಟಲ್ ಮತ್ತು ಉಷ್ಣಾಂಶ ಗಮನಿಸಿ ಇಸಿಯು ಪ್ರತಿ ಕಿಡಿಯ ಸಮಯವನ್ನೂ ತಾನೇ ನಿರ್ಧರಿಸುತ್ತದೆ.

ಹೀಗಾಗಿ ಹೊಸ ಬೈಕ್‌ನ ಎಳೆತ ಕುಂದಿದರೆ ಮೊದಲು ಪ್ಲಗ್, ಏರ್ ಫಿಲ್ಟರ್ ಮತ್ತು ಸೆನ್ಸರ್‌ಗಳ ತಪಾಸಣೆ ಆಗಬೇಕು. ಟೈಮಿಂಗ್‌ಗೆ ಕೈಹಾಕುವುದು ತರವಲ್ಲ. ಹಳೆಯ ಬೈಕ್ ಇರುವವರು ಮಾತ್ರ ಒಂದು ಕ್ರಮ ಪಾಲಿಸಬೇಕು. ಪಾಯಿಂಟ್ ಸವೆದು ಅದರ ಅಂತರ ಬದಲಾದರೆ ಟೈಮಿಂಗ್ ಕೂಡ ಸರಿದುಹೋಗುತ್ತದೆ. ಆದ್ದರಿಂದ ಮೊದಲು ಫೀಲರ್ ಗೇಜ್‌ನಿಂದ ಅಂತರ ಸರಿಪಡಿಸಬೇಕು, ಆಮೇಲಷ್ಟೇ ಟೈಮಿಂಗ್ ಕೂರಿಸಬೇಕು. ಕೇವಲ ಸದ್ದು ಕೇಳಿ ಅಂದಾಜಿನಲ್ಲಿ ತಿರುಗಿಸಿದರೆ ಪಿಸ್ಟನ್‌ಗೂ ಅಪಾಯ, ಸವಾರನ ಕಾಲಿಗೂ ಅಪಾಯ.