ಕಲಿಯುವ ವೈದ್ಯರು, ರೋಗಿಯ ಮಾತು

ತರಬೇತಿಯಲ್ಲಿರುವ ವೈದ್ಯರು ರೋಗಿಯೊಂದಿಗೆ ಹೇಗೆ ಮಾತಾಡುತ್ತಾರೆ ಎಂಬುದು ಅವರ ಸ್ವಭಾವವೊಂದನ್ನೇ ನೆಚ್ಚಿಕೊಂಡಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಾಲು ಬಾಗಿಲಾಚೆಗೂ ಬೆಳೆದಿರುವಾಗ, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟ ಹೌಸ್ ಸರ್ಜನ್‌ಗೆ ಪ್ರಶ್ನೆ ಕೇಳಲೂ ಪುರುಸೊತ್ತಿರುವುದಿಲ್ಲ. ಸಮಾಧಾನದಿಂದ ಕೇಳಿಸಿಕೊಳ್ಳುವುದಂತೂ ದೂರದ ಮಾತು. ಈ ಆತುರ ಎಲ್ಲ ಕಡೆಯದೂ ಹೌದು: ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವೈದ್ಯರು ಸರಾಸರಿ 18 ಸೆಕೆಂಡುಗಳಲ್ಲೇ ರೋಗಿಯ ಮಾತಿಗೆ ಅಡ್ಡ ಬಂದಿದ್ದರು.

ಭಾಷೆಯೂ ತೊಡಕೇ. ಹೊರರಾಜ್ಯದಿಂದ ಕರ್ನಾಟಕಕ್ಕೆ ಓದಲು ಬಂದವರಿಗೆ ಹಳ್ಳಿಯ ರೋಗಿ ಹೇಳುವ ಜೋಮು, ಸಂಕಟ, ಉಬ್ಬಸಗಳು ತಕ್ಷಣ ಅರ್ಥವಾಗುವುದಿಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಕಾಯಿಲೆಯನ್ನು ಆಡುಮಾತಿನಲ್ಲಿ ಬಿಡಿಸಿ ಹೇಳಲು ಕನ್ನಡಿಗರೂ ತಡವರಿಸುತ್ತಾರೆ.

ಎಲ್ಲಕ್ಕಿಂತ ಬಲವಾದದ್ದು ಬಹುಶಃ ಹಿರಿಯರ ನಡೆ. ರೌಂಡ್ಸ್‌ನಲ್ಲಿ ಪ್ರೊಫೆಸರ್ ರೋಗಿಯನ್ನು ಹೆಸರು ಹಿಡಿದು ಮಾತಾಡಿಸಿದರೆ ಕಿರಿಯರೂ ಹಾಗೇ ಮಾಡುತ್ತಾರೆ. ‘ಆರನೇ ಬೆಡ್’ ಎಂದರೆ ಅದೂ ಅಂಟಿಕೊಳ್ಳುತ್ತದೆ.

ಭಾರತದಲ್ಲಿ 2019ರಿಂದ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮ ವರ್ತನೆ, ನೀತಿ, ಸಂವಹನಗಳನ್ನು ‘ಎಟ್‌ಕಾಮ್’ ಎಂಬ ಹೆಸರಿನಲ್ಲಿ ಕಡ್ಡಾಯ ಮಾಡಿದೆ. ಆರಂಭದ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಗೂ ಜಾಗ ಕೊಟ್ಟಿದೆ. ಆದರೆ ಬರೀ ಉಪನ್ಯಾಸದಿಂದ ಮಾತು ಪಳಗುವುದಿಲ್ಲ. ರೋಗಿಯ ಪಾತ್ರ ವಹಿಸಿದವರ ಜತೆ ಅಭ್ಯಾಸ ಮಾಡಿಸಿ, ಎಲ್ಲಿ ಎಡವಿದರೆಂದು ಆಗಲೇ ತಿಳಿಸುವ ಕಡೆ ಫಲ ಹೆಚ್ಚು.